‘ಪಾಳಿ’ ಅಂದರೆ ಹೊತ್ತೋ, ತಂಡವೋ, ಸರದಿಯೋ?

ಗೆಳೆಯರೇ, ಒಂದು ಪದದ ವಿಚಾರಕ್ಕೆ ನಿಮ್ಮ ಸಹಾಯ ಬೇಕು.

ನಾನು ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದೇನೆ. ಹಾಜರಿ ಸಾಫ್ಟ್‌ವೇರ್ ಕೊಡುವ ತಿಂಗಳ ವರದಿಯನ್ನು ಕನ್ನಡದಲ್ಲೂ ಕೊಡಬೇಕು ಅಂತ ತೀರ್ಮಾನವಾಗಿದೆ. ನನಗಂತೂ ತುಂಬಾ ಖುಷಿ. ದುಡಿದವರು ತಮ್ಮ ಗಂಟೆಗಳ ಲೆಕ್ಕವನ್ನು ತಾವೇ ಓದಿಕೊಳ್ಳುವಂತಿರಬೇಕು, ಅಲ್ವಾ? ಆದರೆ ಕಾಲಮ್ಮುಗಳಿಗೆ ಹೆಸರಿಡಲು ಕೂತಾಗ ಕಷ್ಟ ಶುರುವಾಯಿತು.

ಮೊದಲ ಕರಡಿನಲ್ಲಿ ‘ಪಾಳಿ’ ಮೂರು ಕಡೆ ಬಂದಿದೆ. ಬೆಳಿಗ್ಗೆ ಆರರಿಂದ ಎರಡರವರೆಗಿನ ಹೊತ್ತಿಗೂ ಪಾಳಿ. ಆ ಹೊತ್ತಿಗೆ ಬರುವ ಜನಕ್ಕೂ ಪಾಳಿ. ವಾರಕ್ಕೊಮ್ಮೆ ಎ, ಬಿ, ಸಿ ಅಂತ ತಿರುಗುವುದಕ್ಕೂ ಪಾಳಿ. ಹಾಗಾದರೆ ‘ಪಾಳಿ ಬದಲಾಗಿದೆ’ ಅಂದರೆ ಏನು? ಶುರುವಾಗುವ ಗಂಟೆ ಬದಲಾಯಿತೇ, ಅವರು ಬೇರೆ ತಂಡಕ್ಕೆ ಹೋದರೇ, ಇಲ್ಲ ಮಾಮೂಲಿನಂತೆ ವಾರ ತಿರುಗಿತೇ? ಮೂರಕ್ಕೂ ಲೆಕ್ಕ ಬೇರೆ. ಪಟ್ಟಿಯಲ್ಲಿ ಬಿ ಶಿಫ್ಟ್ ಅಂತಿದ್ದು ಕೆಲಸಗಾರ ಸಿ ಶಿಫ್ಟಿಗೆ ಬಂದರೆ ನಮ್ಮ ಸಾಫ್ಟ್‌ವೇರ್ ಮೊದಲು ಗೈರುಹಾಜರಿ ಹಾಕುತ್ತದೆ. ಆಮೇಲೆ ಅವರು ದುಡಿದ ಎಂಟು ಗಂಟೆಯನ್ನು ಓಟಿ, ಅಂದರೆ ಹೆಚ್ಚುವರಿ ಕೆಲಸ, ಅಂತ ತೋರಿಸುತ್ತದೆ.

1948ರ ಕಾರ್ಖಾನೆ ಕಾಯ್ದೆ ಇದನ್ನು ಚೊಕ್ಕವಾಗಿ ಬಿಡಿಸಿತ್ತು. ಹೊತ್ತಿಗೆ ‘ಶಿಫ್ಟ್’, ಆ ಹೊತ್ತಿನಲ್ಲಿ ದುಡಿಯುವ ಗುಂಪಿಗೆ ‘ರಿಲೇ’. ಕನ್ನಡದಲ್ಲಿ ಎರಡನ್ನೂ ಒಂದೇ ಪದಕ್ಕೆ ಹೊರಿಸಿದ್ದೇವೆ. ಹುಬ್ಬಳ್ಳಿ ಧಾರವಾಡದ ಕಡೆ ‘ಪಾಳಿ ಹಚ್ಚಿ ನಿಂತಾರ’ ಅಂದರೆ ಸಾಲಿನಲ್ಲಿ ನಿಂತಿದ್ದಾರೆ ಅಂತ. ‘ನನ್ನ ಪಾಳಿ ಬಂತು’ ಅಂದರೆ ನನ್ನ ಸರದಿ ಬಂತು ಅಂತ. ಆ ಲೆಕ್ಕಕ್ಕೆ ತಿರುಗುವುದೇ ಪಾಳಿ ಆಗಬೇಕು. ಆದರೆ ಪತ್ರಿಕೆಗಳಲ್ಲಿ ‘ರಾತ್ರಿ ಪಾಳಿ’ ಬೇರೂರಿಬಿಟ್ಟಿದೆ. ಅದನ್ನು ಕೀಳುವುದು ಬೇಡ. ಹೊತ್ತಿಗೆ ‘ಪಾಳಿ’, ಜನಕ್ಕೆ ‘ತಂಡ’, ಯಾರು ಯಾವಾಗ ಅಂತ ಹೇಳುವ ಕಾಗದಕ್ಕೆ ‘ಸರದಿ ಪಟ್ಟಿ’ ಅಂತ ನನ್ನ ಮನಸ್ಸು ಒಲಿದಿದೆ. ನಿಮಗೇನನ್ನಿಸುತ್ತದೆ?

ಇದಕ್ಕಿಂತ ಜಾಸ್ತಿ ಕಾಡುತ್ತಿರುವುದು ‘ದಿನಾಂಕ’. ಮೊನ್ನೆ ಒಬ್ಬ ಹೆಣ್ಣುಮಗಳು ವರದಿ ಹಿಡಿದು ಕಿಟಕಿಗೆ ಬಂದರು. ಹಾಜರಿ ಯಂತ್ರದಲ್ಲಿ ಒಳಗೆ ಬಂದ ಪಂಚ್ ಸೋಮವಾರ 21:52, ಹೊರಗೆ ಹೋದದ್ದು 06:07. ವರದಿಯಲ್ಲಿ ಸೋಮವಾರಕ್ಕೆ 2 ಗಂಟೆ, ಮಂಗಳವಾರಕ್ಕೆ 6 ಗಂಟೆ. ‘ಸೋಮವಾರ ನೈಟು ಪೂರ್ತಿ ಮಾಡಿದೀನಿ ಸಾರ್, ಎರಡೇ ಗಂಟೆ ಹಾಕಿದೀರಲ್ಲ’ ಅಂದರು. ಬೆರಳು ಆ 2ರ ಮೇಲೇ ಇತ್ತು.

ಅವರ ಮಾತು ಸರಿ. ನಾವು ‘ಸೋಮವಾರ ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಯ್ತು’ ಅನ್ನುತ್ತೇವೆ. ಗಡಿಯಾರಕ್ಕೆ ಅದು ಆಗಲೇ ಮಂಗಳವಾರ. ಪಂಚಾಂಗದ ವಾರವೂ ಸೂರ್ಯ ಹುಟ್ಟುವವರೆಗೆ ಬದಲಾಗುವುದಿಲ್ಲ. ಅದೇ ಕಾಯ್ದೆಯ 57ನೇ ಸೆಕ್ಷನ್ ಕೂಡ ಮಧ್ಯರಾತ್ರಿ ದಾಟುವ ಶಿಫ್ಟಿನಲ್ಲಿ ಹನ್ನೆರಡರ ನಂತರದ ಗಂಟೆಗಳನ್ನು ಹಿಂದಿನ ದಿನಕ್ಕೇ ಸೇರಿಸು ಅಂದಿತ್ತು. ಜನರ ಮಾತು, ಪಂಚಾಂಗ, ಕಾನೂನು ಮೂರೂ ಒಂದು ಕಡೆ. ನಮ್ಮ ವರದಿ ಮಾತ್ರ ಇನ್ನೊಂದು ಕಡೆ. ಲೆಕ್ಕದ ಸೂತ್ರವನ್ನು ಸರಿಪಡಿಸಲು ಹೇಳಿದ್ದೇನೆ. ಕಾಲಮ್ಮಿಗೆ ಸುಮ್ನೆ ‘ದಿನಾಂಕ’ ಅಂತ ಬಿಟ್ಟರೆ ಗೊಂದಲ ಹೋಗುವುದಿಲ್ಲ. ‘ಪಾಳಿ ದಿನ’ ಅಂದರೆ ಅರ್ಥವಾಗುತ್ತದೆಯೇ? ‘ಪಾಳಿ ಶುರುವಾದ ದಿನ’ ಉದ್ದವಾಯಿತು, ಆದರೆ ಯಾರೂ ತಪ್ಪು ತಿಳಿಯಲಾರರು.

ಇನ್ನೊಂದು ಸಣ್ಣ ಪ್ರಶ್ನೆ. ಹತ್ತು ಜನ ಎಂಟು ಗಂಟೆ ದುಡಿದರೆ 80 ಏನು? ಕರಡಿನಲ್ಲಿ ‘ಮಾನವ ಗಂಟೆ’ ಅಂತಿದೆ. ಉದ್ಯೋಗ ಖಾತ್ರಿಯ ‘ಮಾನವ ದಿನ’ದ ಜಾಡು ಅದು. ನನಗೆ ‘ಆಳುಗಂಟೆ’ ಇಷ್ಟ. ‘ಈ ಗದ್ದೆ ನಾಟಿಗೆ ಹತ್ತಾಳು ಬೇಕು’ ಅನ್ನುವಾಗ ಆಳು ಒಂದು ಅಳತೆ ತಾನೇ? ಆದರೆ ಆಳು ಅಂದರೆ ಕೂಲಿಯವನು ಎಂಬ ದನಿಯೂ ಇದೆ. ದುಡಿಯುವವರೇ ಓದುವ ಕಾಗದದಲ್ಲಿ ಅದು ಯಾರ ಮನಸ್ಸಿಗೂ ಚುಚ್ಚಬಾರದು.

ಗಿರಣಿ, ಆಸ್ಪತ್ರೆ, ಬಸ್ ಡಿಪೋಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ: ನಿಮ್ಮಲ್ಲಿ ಇವಕ್ಕೆ ಬಾಯಿಮಾತಿನಲ್ಲಿ ಏನಂತಾರೆ? ನಿಘಂಟಿನಲ್ಲಿ ಇರದಿದ್ದರೂ ಪರವಾಗಿಲ್ಲ.