ಅಪ್‌ಡೇಟ್: 27 ಇಂಚಿನ ಹಿಂದಿನ ಚಕ್ರ ರಿಪೇರಿ ಆಯಿತು

ಹಳೆ ಸೈಕಲ್ಲಿನ ಹಿಂದಿನ ಚಕ್ರದ ಬಗ್ಗೆ ಕೇಳಿದ್ದೆನಲ್ಲ, 27 ಇಂಚಿನ ರಿಮ್ ಬಿರುಕು ಬಿಟ್ಟಿದೆ, ಹಬ್‌ನ (ಚಕ್ರದ ನಡುಭಾಗ) ಕೋನ್, ಅಂದರೆ ಬೇರಿಂಗ್ ಗುಂಡುಗಳು ಉರುಳುವ ಬಾಗಿದ ನಟ್, ಸವೆದಿದೆ, ಎರಡೂ ಎಲ್ಲೂ ಸಿಗುತ್ತಿಲ್ಲ ಅಂತ. ಈಗ ಸೈಕಲ್ ಓಡುತ್ತಿದೆ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಅದೇ ಅಳತೆಯ ರಿಮ್ ಹುಡುಕುವುದು ಬಿಟ್ಟೆ. ನಿಮ್ಮಲ್ಲೊಬ್ಬರು ಹೇಳಿದ ಹಾಗೆ 700ಸಿ ಅನ್ನುವ, ಈಗ ಸುಲಭವಾಗಿ ಸಿಗುವ ಅಳತೆಯ ರಿಮ್ ಹಾಕಿದೆ. ಟೈರ್ ಕೂರುವ ಜಾಗದ ವ್ಯಾಸ ಹಳೆಯದರಲ್ಲಿ 630 ಮಿ.ಮೀ., ಇದರಲ್ಲಿ 622. ವ್ಯತ್ಯಾಸ 8, ಅಂದರೆ ಬ್ರೇಕ್ ಶೂ ಅದರ ಅರ್ಧ, 4 ಮಿ.ಮೀ. ಕೆಳಗೆ ಇಳಿಯಬೇಕು, ಅಷ್ಟೇ. ನನ್ನ ಬ್ರೇಕಿನಲ್ಲಿ ಅಷ್ಟು ಜಾಗ ಇತ್ತು. ಇನ್ನು ಟೈರಿಗೆ ಪರದಾಡಬೇಕಿಲ್ಲ, ನನಗೆ ಅದೇ ದೊಡ್ಡ ಲಾಭ. ಹಳೆ ಕಡ್ಡಿಗಳು ಉದ್ದವಾದವು, ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಟ್) ದಾಟಿ ಟ್ಯೂಬಿಗೆ ಚುಚ್ಚುವ ಹಾಗಿದ್ದವು. ಬೇರೆ ಹಾಕಿದೆ.

ತಲೆನೋವು ಅಂದರೆ ಕೋನ್. ಅಸಲಿಯದು ಸಿಗಲೇ ಇಲ್ಲ. ಬೇರೆ ಹಬ್‌ಗಳ ಕೋನ್ ತಂದು ನೋಡಿದೆ. ಥ್ರೆಡ್ ಹೊಂದಿದರೆ ಸಾಲದು, ಗುಂಡು ಉರುಳುವ ಬಾಗು ಕೂಡ ಹೊಂದಬೇಕು ಅಲ್ವಾ? ಕೋನಿಗೆ ಮಾರ್ಕರ್ ಇಂಕ್ ಬಳಿದು, ಗ್ರೀಸ್ ಇಲ್ಲದೆ ಕಾಲಿಂಚಿನ ಹೊಸ ಗುಂಡು ಹಾಕಿ, ಸ್ವಲ್ಪ ತಿರುಗಿಸಿ ಬಿಚ್ಚಿದೆ. ಒಂದರಲ್ಲಿ ಇಂಕ್ ಅಂಚಿನಲ್ಲೇ ಅಳಿಸಿತ್ತು, ಅಂದರೆ ಬಾಗು ಹೊಂದಿಲ್ಲ. ಇನ್ನೊಂದರಲ್ಲಿ ಬಾಗಿನ ಸರಿ ನಡುವೆ ಇಂಕ್ ಅಳಿಸಿದ ಸಣ್ಣ ಗೆರೆ, ಸುತ್ತಲೂ ಒಂದೇ ಸಮ. ಅದನ್ನೇ ಹಾಕಿದೆ. ದಪ್ಪ ಕಡಿಮೆ ಇದ್ದದ್ದಕ್ಕೆ ಒಂದು ವಾಷರ್ ಸೇರಿಸಿದೆ.

ನೀವೂ 700ಸಿ ಹಾಕುವುದಾದರೆ ಮೊದಲು ಬ್ರೇಕ್ ಅಳೆಯಿರಿ. ಶೂ ಕೆಳಗಿಳಿಯದಿದ್ದರೆ ಉದ್ದ ತೋಳಿನ ಬ್ರೇಕ್ ಹುಡುಕುವ ಕೆಲಸ ಬೇರೆ ಸೇರಿಕೊಳ್ಳುತ್ತದೆ.