ಡ್ರೈಯರ್ ತಿರುಗುತ್ತದೆ, ಗಾಳಿಯೂ ಬರುತ್ತದೆ, ಬಿಸಿ ಮಾತ್ರ ಇಲ್ಲ

ಮಳೆಯೂರು
ನಮ್ಮದು ಆಗುಂಬೆ ಹತ್ತಿರ. ಮಳೆ ಹಿಡಿದರೆ ಬಟ್ಟೆ ಒಣಗೋದೇ ಇಲ್ಲ. ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಹಾಕಿದರೆ ಮಕ್ಕಳ ಯೂನಿಫಾರ್ಮ್ ಎಲ್ಲ ಹೊಗೆ ವಾಸನೆ. ಅದಕ್ಕೇ ಕೆಲವು ವರ್ಷದ ಹಿಂದೆ ಡ್ರೈಯರ್ ತಗೊಂಡೆವು. ವಾಷಿಂಗ್ ಮೆಷಿನ್ ಜೊತೆ ಸೇರಿದ್ದಲ್ಲ, ಬೇರೆಯೇ, ಪೈಪಿನಲ್ಲಿ ಗಾಳಿ ಹೊರಗೆ ಹೋಗೋ ಥರದ್ದು, 2,000 ವ್ಯಾಟ್ ಹೀಟರ್. ಈಗ ಡ್ರಮ್ ತಿರುಗುತ್ತದೆ, ಟೈಮರ್ ಓಡುತ್ತದೆ, ಆದರೆ ಎಷ್ಟು ಹೊತ್ತು ಬಿಟ್ಟರೂ ಬಟ್ಟೆ ಒದ್ದೆ. ಬಂದ ಮೆಕ್ಯಾನಿಕ್ ಹಿಂದಿನ ಮುಚ್ಚಳ ಕೂಡ ಬಿಚ್ಚದೆ "ಹೀಟರ್ ಹೋಗಿದೆ, ಪೂರ್ತಿ ಸೆಟ್ ಬದಲಿಸಬೇಕು" ಅಂದುಬಿಟ್ಟ. ನಿಜವಾಗಿ ಹೀಟರೇ ಹೋಗಿರುತ್ತಾ? ಮಲ್ಟಿಮೀಟರ್ ಇದೆ, ಹಿಡಿಯೋಕೆ ಬರುತ್ತದೆ.

ವೈರ್‌ಮ್ಯಾನ್ ಮಗ
ಮೊದಲು ಇದು ಹೇಳಿ. ಸ್ವಲ್ಪವೂ ಬಿಸಿ ಇಲ್ವಾ, ಅಥವಾ ಉಗುರು ಬೆಚ್ಚಗಾದರೂ ಬರುತ್ತಾ? ಉಗುರು ಬೆಚ್ಚಗೆ ಬಂದರೆ ವೋಲ್ಟೇಜ್ ಮೇಲೆ ಅನುಮಾನ. ಮಲೆನಾಡಿನಲ್ಲಿ ಸಂಜೆ ಹೊತ್ತು 170ಕ್ಕೆ ಇಳಿಯೋದು ಹೊಸದೇನಲ್ಲ. ಹೀಟರ್ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಹಾಗಾಗಿ 230ರಲ್ಲಿ 2,000 ವ್ಯಾಟ್ ಕೊಡೋ ಹೀಟರ್ 170ರಲ್ಲಿ ಹೆಚ್ಚುಕಮ್ಮಿ 1,100 ಮಾತ್ರ ಕೊಡುತ್ತದೆ, ಮೋಟಾರ್ ಮಾತ್ರ ಹೇಗೋ ತಿರುಗುತ್ತಾ ಇರುತ್ತದೆ.

ಗಾಳಿ ತಣ್ಣಗೇ ಇದ್ದರೆ ಮೊದಲು ಪ್ರೋಗ್ರಾಂ ನೋಡಿ, ಎಷ್ಟೋ ಸಲ ಯಾರೋ ತಣ್ಣನೆ ಗಾಳಿಗೆ ತಿರುಗಿಸಿಟ್ಟಿರುತ್ತಾರೆ. ಅದೂ ಸರಿ ಇದ್ದರೆ ಪ್ಲಗ್ ಕಿತ್ತು ಹಿಂದಿನ ಮುಚ್ಚಳ ಬಿಚ್ಚಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಹೀಟರಿನ ಎರಡೂ ವೈರ್ ತೆಗೆದು ಮೀಟರ್ ಹಿಡಿಯಿರಿ. 2,000 ವ್ಯಾಟಿಗೆ ಸುಮಾರು 26 ಓಮ್ ಬರಬೇಕು. ಕೆಲವದರಲ್ಲಿ ಎರಡು ಕಾಯಿಲ್ ಇರುತ್ತದೆ, ಹಾಗಿದ್ದರೆ ಒಂದೊಂದನ್ನೂ ಬೇರೆ ನೋಡಿ. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ, ಆಗ ಮೆಕ್ಯಾನಿಕ್ ಹೇಳಿದ್ದು ಸರಿ. ಓಮ್ ಸರಿ ಇದ್ದರೆ ಅದರ ಪಕ್ಕದಲ್ಲೇ ಇರೋ ಥರ್ಮೋಸ್ಟಾಟ್ ಮತ್ತು ಥರ್ಮಲ್ ಫ್ಯೂಸ್ ನೋಡಿ. ಮೀಟರನ್ನು ಬೀಪ್ ಸೆಟ್ಟಿಂಗಿಗೆ ಇಟ್ಟು ಹಿಡಿಯಿರಿ, ಒಳಗೆ ತುಂಡಾಗಿಲ್ಲದಿದ್ದರೆ ಸದ್ದು ಮಾಡುತ್ತದೆ. ಮೆಷಿನ್ ತಣ್ಣಗಿದ್ದಾಗ ಎರಡರಲ್ಲೂ ಬೀಪ್ ಬರಬೇಕು.

ಡಲ್ಲಾಸ್ ಕನ್ನಡಿಗ
ನಿಮ್ಮ ಕೇಸ್‌ಗೆ ಸಂಬಂಧ ಇಲ್ಲ, ಆದರೂ ಅಮೆರಿಕದಲ್ಲಿ ಇರೋ ಯಾರಾದರೂ ಇದನ್ನು ಓದುತ್ತಿದ್ದರೆ ಹೇಳ್ತೀನಿ. ಇಲ್ಲಿನ ಎಲೆಕ್ಟ್ರಿಕ್ ಡ್ರೈಯರಿಗೆ 240 ವೋಲ್ಟ್ ಬರೋದು ಎರಡು 120ರ ಲೈನ್ ಸೇರಿ. ಸಾಮಾನ್ಯವಾಗಿ ಮೋಟಾರಿಗೆ ಒಂದು ಲೈನ್ ಸಾಕು, ಹೀಟರಿಗೆ ಎರಡೂ ಬೇಕು. ಬ್ರೇಕರಿನಲ್ಲಿ ಒಂದು ಕಡೆ ಹೋದರೆ ಇದೇ ಥರ, ಡ್ರಮ್ ತಿರುಗುತ್ತದೆ, ಬಿಸಿ ಇಲ್ಲ. 30 ಆಂಪಿಯರ್ ಬ್ರೇಕರನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿ ನೋಡಿ, ಆಮೇಲೆ ರಿಪೇರಿಯವರನ್ನು ಕರೆಯಿರಿ.

ಮಳೆಯೂರು
ಒಂಚೂರೂ ಬಿಸಿ ಇಲ್ಲ. ಬಿಚ್ಚಿ ನೋಡಿದೆ. ಹೀಟರ್ 27 ಓಮ್. ಥರ್ಮೋಸ್ಟಾಟಿನಲ್ಲಿ ಬೀಪ್ ಬಂತು, ಫ್ಯೂಸಿನಲ್ಲಿ ಇಲ್ಲ. ಅಂದರೆ ಹೀಟರ್ ಚೆನ್ನಾಗಿದೆ ಅಲ್ವಾ! ಅಂಗಡಿಯಲ್ಲಿ ಕೇಳಿದರೆ "ಆ ಫ್ಯೂಸ್ ಯಾಕೆ ಹುಡುಕ್ತೀರಿ, ಒಂದು ತುಂಡು ವೈರ್ ಸೇರಿಸಿಬಿಡಿ, ಎಲ್ಲರೂ ಹಾಗೇ ಮಾಡೋದು" ಅಂತಾರೆ. ಮಾಡಬಹುದಾ?

ವೈರ್‌ಮ್ಯಾನ್ ಮಗ
ಬೇಡವೇ ಬೇಡ. ಆ ಸಲಹೆ ಕೊಟ್ಟವರಿಗೆ ಅವರ ಮನೆಯಲ್ಲೇ ಮಾಡಿಕೊಳ್ಳೋಕೆ ಹೇಳಿ.

ಥರ್ಮೋಸ್ಟಾಟ್ ಬಿಸಿಯಾದಾಗ ಬಿಟ್ಟು, ಆರಿದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಫ್ಯೂಸ್ ಹಾಗಲ್ಲ, ಒಂದು ಸಲ ಹೋದರೆ ಹೋಯಿತು. ಬಿಸಿ ಹದ್ದು ಮೀರಿದಾಗ ಕರೆಂಟ್ ಕಡಿಯೋಕೇ ಅದನ್ನು ಇಟ್ಟಿರೋದು. ವೈರ್ ಸೇರಿಸಿದರೆ ಮುಂದಿನ ಸಲ ತಡೆಯೋಕೆ ಏನೂ ಇರಲ್ಲ, ಕಾಯಿಲ್ ಕೆಂಪಗೆ ಕಾದು ಸುತ್ತ ಕೂತಿರೋ ಹತ್ತಿ ಧೂಳಿಗೆ ಬೆಂಕಿ ಹಿಡಿಯಬಹುದು.

ಈಗ ನಿಜವಾದ ಪ್ರಶ್ನೆ, ಅದು ಹೋಗಿದ್ದು ಯಾಕೆ? ಫ್ಯೂಸ್ ಒಮ್ಮೊಮ್ಮೆ ಹಳೆಯದಾಗಿ ಸುಮ್ನೆ ಹೋಗೋದೂ ಉಂಟು, ಆದರೆ ಜಾಸ್ತಿ ಸಲ ಗಾಳಿ ಓಡಾಡದೆ ಹೋಗುತ್ತದೆ. ಬಾಗಿಲ ಹತ್ತಿರದ ಜಾಲರಿ ಎಲ್ಲರೂ ತೆಗೆದು ಒರೆಸುತ್ತಾರೆ, ಅದರ ಆಚೆಗೆ ಯಾರೂ ಹೋಗಲ್ಲ. ಫ್ಯಾನ್ ಗೂಡು, ಪೈಪ್, ಗೋಡೆ ಆಚೆಯ ಬಾಯಿ, ಎಲ್ಲ ನೋಡಿ. ಮೆಷಿನ್ನನ್ನು ಗೋಡೆಗೆ ಒತ್ತಿ ಇಟ್ಟಿದ್ದರೆ ಪೈಪ್ ಮಡಚಿಕೊಂಡಿರುತ್ತದೆ. ಇದನ್ನು ಸರಿ ಮಾಡದೆ ಹೊಸ ಫ್ಯೂಸ್ ಹಾಕಿದರೆ ಅದೂ ಹೋಗುತ್ತದೆ.

ಫ್ಯೂಸ್ ಮೇಲೆ ಡಿಗ್ರಿ, ಆಂಪಿಯರ್ ಬರೆದಿರುತ್ತದೆ. ಎರಡೂ ಅದೇ ಇರೋದನ್ನೇ ತನ್ನಿ. ಎರಡು ತುದಿಯಲ್ಲೂ ಬರೀ ತಂತಿ ಕಡ್ಡಿ ಇರೋ ಥರದ್ದಾದರೆ ಬೆಸುಗೆ ಹಾಕಬೇಡಿ, ಆ ಬಿಸಿಗೇ ಹೊಸ ಫ್ಯೂಸ್ ಹೋಗಿಬಿಡುತ್ತದೆ. ಕ್ರಿಂಪ್ ಮಾಡಿಸಿ, ಅಂದರೆ ಲೋಹದ ಕೊಳವೆಯೊಳಗೆ ಸೇರಿಸಿ ಇಕ್ಕಳದಲ್ಲಿ ಒತ್ತಿ ಕೂಡಿಸೋದು.

ಮಳೆಯೂರು
ಗೋಡೆ ಆಚೆ ಪೈಪಿನ ಬಾಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದೆ! ಬೇಸಿಗೆಯಲ್ಲಿ ಮೆಷಿನ್ ಮುಟ್ಟಿರಲಿಲ್ಲ, ಆಗಲೇ ಕಟ್ಟಿರಬೇಕು. ಅದರ ಹಿಂದೆ ಒಂದು ಮುಷ್ಟಿ ಹತ್ತಿ ಧೂಳು, ಒದ್ದೆಯಾಗಿ ಮುದ್ದೆ ಕಟ್ಟಿದೆ. ಪೈಪ್ ಪೂರ್ತಿ ಬಿಚ್ಚಿ ತೊಳೆದು ಹಾಕಿದೆ. ಫ್ಯೂಸ್ ಶಿವಮೊಗ್ಗದಲ್ಲಿ ಸಿಗುತ್ತದಂತೆ.

ಕೊಡೆ ಮರೆತವ
ಬಾಯಿಗೆ ತಾನೇ ತೆರೆದು ಮುಚ್ಚೋ ರೆಕ್ಕೆಯ ಮುಚ್ಚಳ ಹಾಕಿಸಿ. ಸೊಳ್ಳೆ ಪರದೆಯಂಥ ಸಣ್ಣ ಜಾಲರಿ ಬೇಡ, ಅದರಲ್ಲೇ ಧೂಳು ಕಟ್ಟುತ್ತದೆ. ಮತ್ತೆ, ಪ್ಲಗ್ 16 ಆಂಪಿಯರಿನದ್ದೇ ತಾನೇ? ನಮ್ಮ ಪಕ್ಕದ ಮನೆಯಲ್ಲಿ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ ಅದು ಕರಗಿಹೋಗಿತ್ತು, ಹೀಟರ್ ಒಂದೇ 9 ಆಂಪಿಯರ್ ಹತ್ತಿರ ಎಳೆಯುತ್ತದೆ.

ಮಳೆಯೂರು
16ರದ್ದೇ, ಬೇರೆ ಲೈನ್ ಎಳೆಸಿದ್ದೇವೆ. ಮುಚ್ಚಳ ಫ್ಯೂಸ್ ಜೊತೆಗೇ ತರಿಸುತ್ತೇನೆ. ಅಲ್ಲಿವರೆಗೆ ಯೂನಿಫಾರ್ಮ್ ಬಚ್ಚಲೊಲೆ ಮೇಲೆಯೇ.