ಕೆಮಿಕಲ್ ಬೆಂಕಿಗೆ ಫೈರ್‌ನವರು ಬಂದಾಗ ಗೇಟಿನಲ್ಲಿ ಏನು ರೆಡಿ ಇರಬೇಕು?

ಪ್ರಶ್ನೆ: ಸೇಫ್ಟಿ ಆಫೀಸರ್, ವಸಂತನರಸಾಪುರ

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಪೇಂಟ್ ಯೂನಿಟ್‌ಗೆ ಹೊಸದಾಗಿ ಸೇರಿದ್ದೇನೆ. ಸ್ಟೋರ್‌ನಲ್ಲಿ ಟೊಲುಯಿನ್, ಅಸಿಟೋನ್, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಅಂತ ಬೇಗ ಹೊತ್ತಿಕೊಳ್ಳುವ ಸಾಲ್ವೆಂಟ್ ಡ್ರಮ್‌ಗಳಿವೆ. ಪಕ್ಕದ ರೂಮಿನಲ್ಲಿ ಆಸಿಡ್ ಕ್ಯಾನ್‌ಗಳು. ಹೈಡ್ರಂಟ್, ಎಕ್ಸ್‌ಟಿಂಗ್ವಿಷರ್ ಎಲ್ಲ ಇವೆ, ಪೇಪರೂ ಸರಿಯಾಗಿದೆ. ನನ್ನ ಪ್ರಶ್ನೆ ಬೇರೆ. ಬೆಂಕಿ ಕೈಮೀರಿತು, ಫೈರ್ ಇಂಜಿನ್ ಬಂತು ಅಂದುಕೊಳ್ಳಿ. ಒಳಗೆ ಹೋಗುವ ಆ ಹುಡುಗರ ಜೀವಕ್ಕೆ ತೊಂದರೆ ಆಗದ ಹಾಗೆ ನಾವು ಮೊದಲೇ ಏನು ಮಾಡಿಟ್ಟಿರಬೇಕು? ಕೆಲಸದಲ್ಲಿ ನೋಡಿದವರು ದಯವಿಟ್ಟು ಹೇಳಿ.

ನಿವೃತ್ತ ಅಗ್ನಿಶಾಮಕ ಸಿಬ್ಬಂದಿ, ತುಮಕೂರು

ಮೇಡಂ, ಇದನ್ನು ಕೇಳುವವರೇ ಕಡಿಮೆ. ಗೇಟ್ ಮುಟ್ಟಿದ ಕೂಡಲೇ ನಾವು ಕೇಳುತ್ತಿದ್ದದ್ದು ಎರಡೇ ಮಾತು. ಒಳಗೆ ಯಾರಿದ್ದಾರೆ? ಒಳಗೆ ಏನಿದೆ? ಮೊದಲನೆಯದಕ್ಕೆ ತಲೆಗೊಂದು ಉತ್ತರ ಬರುತ್ತದೆ. ಎರಡನೆಯದಕ್ಕೆ "ಕೆಮಿಕಲ್ ಸಾರ್" ಅನ್ನುತ್ತಾರೆ. ಅದರಿಂದ ನಮಗೆ ಏನು ಗೊತ್ತಾಗಬೇಕು?

ನಿಮ್ಮ ಸ್ಟೋರ್‌ನ ಮಾಲನ್ನೇ ನೋಡಿ. ಟೊಲುಯಿನ್ ನೀರಿಗೆ ಬೆರೆಯುವುದಿಲ್ಲ, ಮೇಲೆ ತೇಲುತ್ತದೆ. ಜೋರಾಗಿ ಜೆಟ್ ಹೊಡೆದರೆ ಉರಿಯುತ್ತಲೇ ನೀರಿನ ಜೊತೆ ಹರಿದು ಪಕ್ಕದ ಶೆಡ್ ಸೇರುತ್ತದೆ. ಅದಕ್ಕೆ ಫೋಮ್ ಬೇಕು. ಅಸಿಟೋನ್, ಐಪಿಎ ನೀರಿಗೆ ಬೆರೆಯುವಂಥವು. ಇವು ಮಾಮೂಲಿ ಫೋಮ್‌ನಲ್ಲಿರುವ ನೀರನ್ನು ಎಳೆದುಕೊಂಡು ಅದರ ಪದರವನ್ನೇ ಒಡೆದುಹಾಕುತ್ತವೆ. ಇಂಥದ್ದಕ್ಕೆ ಆಲ್ಕೋಹಾಲ್ ರೆಸಿಸ್ಟೆಂಟ್ ಫೋಮ್ ಅಂತ ಬೇರೆ ಬರುತ್ತದೆ. ಬರುವ ಗಾಡಿಯಲ್ಲಿ ಅದು ಇದ್ದೇ ಇರುತ್ತದೆ ಅಂತ ನಂಬಿ ಕೂರಬೇಡಿ, ನೀವೇ ತರಿಸಿಡಿ. ಸ್ಟೋರ್ ಒಳಗಲ್ಲ, ಗೇಟ್ ಹತ್ತಿರ. ಉರಿಯುವ ರೂಮಿನಲ್ಲೇ ಫೋಮ್ ಕ್ಯಾನ್ ಜೋಡಿಸಿಟ್ಟಿದ್ದನ್ನೂ ನೋಡಿದ್ದೇನೆ!

ಇನ್ನು ಲಿಸ್ಟ್. ಸೆಕ್ಯೂರಿಟಿ ರೂಮಿನ ಹೊರಗೋಡೆಗೆ ಒಂದು ಕೆಂಪು ಡಬ್ಬಿ ಹಾಕಿಸಿ. ಅದರಲ್ಲಿ ಒಂದೇ ಹಾಳೆ ಸಾಕು. ಯಾವ ಮಾಲು, ಎಷ್ಟು ಡ್ರಮ್, ಯಾವ ಮೂಲೆಯಲ್ಲಿ, ಅದರ ಯುಎನ್ ನಂಬರ್ ಎಷ್ಟು. ಟೊಲುಯಿನ್ 1294, ಅಸಿಟೋನ್ 1090, ಐಪಿಎ 1219. ಟ್ಯಾಂಕರ್ ಹಿಂದೆ ಬರೆದಿರುತ್ತದಲ್ಲ, ಅದೇ ನಾಲ್ಕಂಕಿ ನಂಬರ್. ನಮ್ಮವರು ಅದನ್ನು ನೋಡಿದರೆ ಸಾಕು, ಹೇಗೆ ಹೋಗಬೇಕು ಅಂತ ತೀರ್ಮಾನ ಮಾಡುತ್ತಾರೆ. ಹಿಂದೆ ಒಂದು ಸ್ಕೆಚ್ ಇರಲಿ. ಮೇನ್ ಸ್ವಿಚ್ ಎಲ್ಲಿ, ವಾಲ್ವ್ ಎಲ್ಲಿ, ಹಿಂದಿನ ಬಾಗಿಲು ಎಲ್ಲಿ. ಎಂಎಸ್‌ಡಿಎಸ್ ಫೈಲ್ (ಪ್ರತಿ ಕೆಮಿಕಲ್‌ನ ಸುರಕ್ಷತಾ ಮಾಹಿತಿ ಹಾಳೆಗಳು) ಆಫೀಸ್ ಬೀರುವಿನಲ್ಲಿದ್ದರೆ ಆ ಹೊತ್ತಿಗೆ ಇಲ್ಲದ ಹಾಗೇ ಲೆಕ್ಕ. ಅದರ ಒಂದು ಕಾಪಿಯೂ ಗೇಟಿನಲ್ಲಿರಲಿ.

ಸರ್ವಿಸ್‌ನಲ್ಲಿರುವವರು, ಕೋಲಾರ

ಮೇಲಿನ ಅಣ್ಣ ಹೇಳಿದ ಹಾಳೆ ಯಾಕೆ ಮುಖ್ಯ ಅಂದರೆ, ಗಾಳಿ. ನಾವು ಬೆನ್ನಿಗೆ ಹಾಕುವ ಬಿಎ ಸೆಟ್, ಅಂದರೆ ಉಸಿರಾಡುವ ಗಾಳಿಯ ಸಾಧನದಲ್ಲಿ ಸಾಮಾನ್ಯವಾಗಿ 6 ಲೀಟರ್ ಸಿಲಿಂಡರ್, 300 ಬಾರ್ ಒತ್ತಡ. ಅಂದರೆ ಸುಮಾರು 1800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಲೆಕ್ಕದಲ್ಲಿ 45 ನಿಮಿಷ. ಆದರೆ ಹೋಸ್ ಎಳೆಯುತ್ತಾ, ಬಿಸಿಯಲ್ಲಿ ಬಗ್ಗಿ ನಡೆಯುವವನು ಅದನ್ನು 20-25 ನಿಮಿಷದಲ್ಲೇ ಮುಗಿಸಿಬಿಡಬಹುದು. ಅದರಲ್ಲೇ ವಾಪಸ್ ಬರುವುದೂ ಆಗಬೇಕು. ಯಾವ ಮೂಲೆಯಲ್ಲಿ ಏನಿದೆ ಅಂತ ಹೊಗೆಯಲ್ಲಿ ತಡಕಾಡಿದರೆ ಗಾಳಿ ಅಲ್ಲೇ ಖರ್ಚು.

ಇನ್ನೊಂದು, ನಮ್ಮ ಫೈರ್ ಸೂಟ್ ಶಾಖಕ್ಕೆ ಮಾಡಿದ್ದು. ಗ್ಯಾಸ್‌ಗೆ ಅಲ್ಲ. ಎಷ್ಟೋ ಜನ ಅದನ್ನು ಹಾಕಿಕೊಂಡರೆ ಎಲ್ಲಿಗೆ ಬೇಕಾದರೂ ನುಗ್ಗಬಹುದು ಅಂದುಕೊಂಡಿದ್ದಾರೆ. ಕೋಲ್ಡ್ ಸ್ಟೋರೇಜ್‌ನಲ್ಲಿ ತಂಪು ಮಾಡಲು ಬಳಸುವ ಅಮೋನಿಯಾ ಲೀಕ್ ಆದರೆ ಬೆವರಿದ ಜಾಗಕ್ಕೇ ಮೊದಲು ಕಚ್ಚುತ್ತದೆ. ಕಂಕುಳು, ಕುತ್ತಿಗೆ, ಕಣ್ಣು. ಅದಕ್ಕೆ ಗ್ಯಾಸ್ ಒಳಬಿಡದ ಪೂರ್ತಿ ಸೂಟ್ ಬೇಕು. ಅಮೋನಿಯಾ ಗಾಳಿಗಿಂತ ಹಗುರ ಅಂತ ಪುಸ್ತಕದಲ್ಲಿದೆ, ನಿಜ. ಆದರೆ ದ್ರವವಾಗಿ ಸುರಿದಾಗ ಆ ತಣ್ಣನೆ ಮೋಡ ನೆಲ ಹಿಡಿದೇ ಹರಿಯುತ್ತದೆ. ಆವಿಯ ಮೇಲೆ ನೀರನ್ನು ತುಂತುರಾಗಿ ಬಿಟ್ಟರೆ ಹೀರಿಕೊಳ್ಳುತ್ತದೆ. ಕೆಳಗೆ ನಿಂತ ದ್ರವದ ಮೇಲೆ ಬಿಟ್ಟರೆ ಇನ್ನೂ ಜಾಸ್ತಿ ಆವಿ ಏಳುತ್ತದೆ. ನಿಮ್ಮಲ್ಲಿ ಅಮೋನಿಯಾ ಇಲ್ಲದಿರಬಹುದು ಮೇಡಂ, ಪಕ್ಕದ ಪ್ಲಾಟ್‌ನಲ್ಲಿ ಏನಿದೆ ಅಂತಲೂ ತಿಳಿದುಕೊಂಡಿರಿ. ವಸಂತನರಸಾಪುರದಲ್ಲಿ ಫುಡ್ ಪಾರ್ಕೂ ಇದೆ ಅಲ್ವಾ, ಅಲ್ಲಿ ಕೋಲ್ಡ್ ಸ್ಟೋರೇಜ್ ಇರಬಹುದು.

ನೀರು ತಾಕಬಾರದ ಮಾಲಿದ್ದರೆ ಬಾಗಿಲ ಮೇಲೇ ದೊಡ್ಡದಾಗಿ ಬರೆಸಿ. ಕಾರ್ಬೈಡ್‌ಗೆ ನೀರು ಬಿದ್ದರೆ ಅಸಿಟಿಲೀನ್ ಅನ್ನುವ ಉರಿಯುವ ಗ್ಯಾಸ್ ಏಳುತ್ತದೆ. ನಮ್ಮ ಶ್ರೀನಿವಾಸಪುರ ಕಡೆ ಮಾವಿನ ಮಂಡಿಯವರಿಗೂ ಇದನ್ನೇ ಹೇಳುತ್ತೇವೆ. ಹಣ್ಣು ಮಾಗಿಸಲು ಅದನ್ನು ಬಳಸುವ ಹಾಗಿಲ್ಲ, ಅದು ಬೇರೆ ಮಾತು.

ಫೈರ್‌ಮನ್ ಮನೆಯವರು, ಚಿಕ್ಕಬಳ್ಳಾಪುರ

ನಮ್ಮ ಯಜಮಾನರು ಸರ್ವಿಸ್‌ನಲ್ಲಿದ್ದಾರೆ. ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಬೆಂಕಿ ಆರಿದ ಮೇಲೆ ಅದೇ ಮಸಿ ಬಟ್ಟೆಯಲ್ಲಿ ಗಾಡಿ ಹತ್ತುತ್ತಾರೆ, ಅದೇ ಕೈಯಲ್ಲಿ ಟೀ ಕುಡಿಯುತ್ತಾರೆ. ಆಮೇಲೆ ಆ ಬಟ್ಟೆ ಮನೆಗೆ ಬಂದು ಮಕ್ಕಳ ಬಟ್ಟೆ ಜೊತೆ ಬೀಳುತ್ತದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ಬೆಂಕಿ ಆರಿಸುವ ಕೆಲಸವನ್ನೇ ಕ್ಯಾನ್ಸರ್ ತರುವಂಥದ್ದು ಅಂತ ಮೊದಲ ಗುಂಪಿಗೆ ಸೇರಿಸಿತು. ನೀವು ಮಾಡಬಹುದಾದದ್ದು ದೊಡ್ಡದೇನಲ್ಲ. ಗೇಟ್ ಹತ್ತಿರ ಒಂದು ನಲ್ಲಿ, ಸೋಪು, ಬಟ್ಟೆ ಕಟ್ಟಿಡಲು ದಪ್ಪ ಕವರ್. ಸೂಟ್ ಬಿಚ್ಚುವ ಮೊದಲೇ ಪೈಪ್‌ನಲ್ಲಿ ನೀರು ಹಾಯಿಸಿಕೊಳ್ಳಲು ಜಾಗ. ಟೀ ಆಮೇಲೆ ಕೊಡಿ.

ಪ್ಲಾಂಟ್ ಎಂಜಿನಿಯರ್, ಗೌರಿಬಿದನೂರು

ಹರಿದುಹೋಗುವ ನೀರನ್ನು ಎಲ್ಲರೂ ಮರೆಯುತ್ತಾರೆ. 1986ರ ನವೆಂಬರ್‌ನಲ್ಲಿ ಸ್ವಿಟ್ಜರ್‌ಲ್ಯಾಂಡ್‌ನ ಬಾಸೆಲ್ ಹತ್ತಿರ ಸ್ಯಾಂಡೋಜ್ ಗೋದಾಮಿಗೆ ಬೆಂಕಿ ಬಿತ್ತು. ಆರಿಸಿದ ನೀರಿನ ಜೊತೆ ಕೀಟನಾಶಕ ರೈನ್ ನದಿಗೆ ಇಳಿದು ಮೀನುಗಳು ರಾಶಿ ರಾಶಿ ಸತ್ತವು. ನಮ್ಮ ಕಡೆ ಅದು ಇಳಿಯುವುದು ಕೆರೆಗೆ. ಮಳೆನೀರಿನ ಚರಂಡಿಗೆ ಮುಚ್ಚುವ ಗೇಟ್ ಇಡಿ, ಮರಳಿನ ಚೀಲ ಇಡಿ. ಸಾಲ್ವೆಂಟ್ ಆವಿಯೂ ಅದೇ ಚರಂಡಿಯಲ್ಲಿ ತೆವಳಿ ದೂರದಲ್ಲಿ ಹೊತ್ತಿಕೊಳ್ಳಬಹುದು. ಅಲ್ಲಿ ಫೈರ್ ಇಂಜಿನ್ ತಂದು ನಿಲ್ಲಿಸಿಕೊಂಡವರ ಗತಿ?

ಪ್ರಶ್ನೆ ಕೇಳಿದವರು

ತುಂಬಾ ಉಪಯೋಗ ಆಯಿತು. ಆದರೆ ಓನರ್ ಒಪ್ಪುತ್ತಿಲ್ಲ. ಲಿಸ್ಟ್ ಗೇಟಿನಲ್ಲಿಟ್ಟರೆ ಫಾರ್ಮುಲಾ ಹೊರಗೆ ಹೋಗುತ್ತದಂತೆ.

ನಿವೃತ್ತ ಅಗ್ನಿಶಾಮಕ ಸಿಬ್ಬಂದಿ, ತುಮಕೂರು

ಫಾರ್ಮುಲಾ ಯಾರು ಕೇಳಿದರು ಮೇಡಂ? ಯಾವ ಡ್ರಮ್ ಎಲ್ಲಿದೆ ಅಂತ ಕೇಳುತ್ತಿದ್ದೇವೆ, ಎಷ್ಟು ಬೆರೆಸುತ್ತೀರಿ ಅಂತ ಅಲ್ಲ. ಡಬ್ಬಿಗೆ ಬೀಗ ಹಾಕಿಕೊಳ್ಳಲಿ, ಬೇಡ ಅನ್ನುವುದಿಲ್ಲ.

ಅವರಿಗೆ ಟೆಕ್ಸಾಸ್‌ನ ವೆಸ್ಟ್ ಅನ್ನುವ ಊರಿನ ಕಥೆ ಹೇಳಿ. 2013ರ ಏಪ್ರಿಲ್‌ನಲ್ಲಿ ಅಲ್ಲಿನ ಗೊಬ್ಬರದ ಗೋದಾಮಿಗೆ ಬೆಂಕಿ ಬಿತ್ತು. ಒಳಗಿದ್ದದ್ದು ಅಮೋನಿಯಂ ನೈಟ್ರೇಟ್. ಫೋನ್ ಬಂದು ಸುಮಾರು 20 ನಿಮಿಷಕ್ಕೆ ಸಿಡಿಯಿತು. ಸತ್ತ 15 ಜನರಲ್ಲಿ 12 ಮಂದಿ ಬೆಂಕಿ ಆರಿಸಲು, ಸಹಾಯ ಮಾಡಲು ಬಂದವರು. ಆ ಮಾಲು ಹೀಗೆ ಸಿಡಿಯಬಹುದು ಅಂತ ಅವರಿಗೆ ಸರಿಯಾದ ತಿಳಿವಳಿಕೆಯೇ ಇರಲಿಲ್ಲ. ಕೆಲವೊಮ್ಮೆ ಜನರನ್ನು ದೂರ ಕಳಿಸಿ, ನಾವೂ ದೂರ ನಿಂತು ಉರಿಯಲು ಬಿಡುವುದೇ ಸರಿ. ಒಳಗೆ ಯಾರೂ ಉಳಿದಿಲ್ಲ ಅನ್ನುವುದು ಖಾತ್ರಿಯಾದರೆ ಮಾತ್ರ ಹಾಗೆ ನಿಲ್ಲಲು ಆಗುತ್ತದೆ. ಅದಕ್ಕೇ ಕಾಂಟ್ರಾಕ್ಟ್ ಹುಡುಗರ ಹೆಸರೂ ಗೇಟ್ ರಿಜಿಸ್ಟರ್‌ನಲ್ಲಿರಬೇಕು. ಅಸೆಂಬ್ಲಿ ಪಾಯಿಂಟ್‌ನಲ್ಲಿ (ಎಲ್ಲರೂ ಹೊರಬಂದು ಸೇರುವ ಜಾಗ) ತಲೆ ಎಣಿಸಿದವರೇ ಬಂದು ನಮಗೆ ಹೇಳಬೇಕು.

ದೊಡ್ಡ ಪ್ರಮಾಣದಲ್ಲಿ ಅಪಾಯದ ಕೆಮಿಕಲ್ ಇಡುವವರು ಆರು ತಿಂಗಳಿಗೊಮ್ಮೆ ಅಣಕು ಡ್ರಿಲ್ ಮಾಡಲೇಬೇಕು ಅಂತ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳಲ್ಲಿದೆ. ನಿಮ್ಮದು ಸಣ್ಣ ಯೂನಿಟ್, ಅದು ಅನ್ವಯ ಆಗದಿದ್ದರೂ ಮಾಡಿ. ಠಾಣೆಯವರನ್ನು ಕರೆದು ಸ್ಟೋರ್ ತೋರಿಸಿ, ದೊಡ್ಡ ಗಾಡಿ ನಿಮ್ಮ ಗೇಟಿನಲ್ಲಿ ತಿರುಗುತ್ತದಾ ಅಂತ ಅವತ್ತೇ ನೋಡಿಕೊಳ್ಳಿ. ಡ್ರಿಲ್ ಮಾತ್ರ ಹಗಲು ಹೊತ್ತು ಬೇಡ, ನೈಟ್ ಶಿಫ್ಟ್‌ನಲ್ಲಿ ಇಟ್ಟುಕೊಳ್ಳಿ. ಡಬ್ಬಿಯ ಕೀ ಸೆಕ್ಯೂರಿಟಿ ಹತ್ತಿರ ಇದೆಯೋ, ಮ್ಯಾನೇಜರ್ ಜೇಬಿನಲ್ಲಿ ಮನೆಗೆ ಹೋಗಿದೆಯೋ, ಆಗ ಗೊತ್ತಾಗುತ್ತದೆ.